ಕೆಸರು ಕಾಣದ ಬಣ್ಣದಲ್ಲಿ ಮನುಷ್ಯನೂ ಕಾಣುವುದಿಲ್ಲ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆಯ ಬೈಕ್ ಸವಾರರೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತಾರೆ. ಕಪ್ಪು. ಕಪ್ಪಲ್ಲದಿದ್ದರೆ ಕಡುನೀಲಿ, ಅದೂ ಅಲ್ಲದಿದ್ದರೆ ಮಿಲಿಟರಿ ಹಸಿರು. ರೈನ್‌ಕೋಟಿನ ಅಂಗಡಿಯಲ್ಲಿ ಕೇಳಿದರೆ 'ಕೆಸರು ಕಾಣೋದಿಲ್ಲ, ಹಾಗಾಗಿ ಅದೇ ಹೋಗೋದು' ಅನ್ನುತ್ತಾರೆ. ಸರಿಯೇ. ಕೆಸರು ಕಾಣುವುದಿಲ್ಲ, ಒಳಗಿರುವ ಮನುಷ್ಯನೂ ಕಾಣುವುದಿಲ್ಲ.

ಪೇಟೆಯ ಹುಡುಗರು ತೊಡುವ ಹೊಳೆಯುವ ರೈಡಿಂಗ್ ಜಾಕೆಟ್ ಕೃಷಿಕರಿಗೂ ಬೇಕಾ ಎಂದು ಕೇಳಿದರೆ ನಗುವವರೇ ಹೆಚ್ಚು. ಸಾವಿರಾರು ರೂಪಾಯಿಯ ಜಾಕೆಟ್ ಬೇಡ ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಹೊಳೆಯುವ ಏನಾದರೊಂದು ಮೈಮೇಲೆ ಬೇಕೇ ಬೇಕು. ಪೇಟೆಯವರಿಗಿಂತ ನಮಗೇ ಜಾಸ್ತಿ ಬೇಕು. ನಾವು ಬೈಕು ಹತ್ತುವ ಹೊತ್ತು, ಹೋಗುವ ದಾರಿ ಅಂಥದ್ದು. ಹಾಲಿನ ಸೊಸೈಟಿಗೆ ಹೊರಡುವಾಗ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಅಡಿಕೆ ಕೊಟ್ಟು, ಸಾಮಾನು ಕಟ್ಟಿಕೊಂಡು ಪೇಟೆಯಿಂದ ವಾಪಸಾಗುವಾಗ ಮೂರುಸಂಜೆ. ಊರ ದಾರಿಗೆ ಬೀದಿದೀಪವಿಲ್ಲ, ಎರಡೂ ಬದಿ ಮರ. ಆ ಕತ್ತಲಿನ ಮಣ್ಣುದಾರಿಯಿಂದ ಸೀದಾ ಹತ್ತುವುದು ಹೆದ್ದಾರಿಗೆ. ಉಪ್ಪಿನಂಗಡಿ, ನೆಲ್ಯಾಡಿ ಕಡೆಯವರಿಗೆ 75ನೇ ನಂಬರಿನದು, ಪುತ್ತೂರು, ಸುಳ್ಯದವರಿಗೆ 275.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ಒಟ್ಟು ಸಾವಿನಲ್ಲಿ ನೂರಕ್ಕೆ 68 ಆದದ್ದು ಹಳ್ಳಿ ಪ್ರದೇಶದ ರಸ್ತೆಗಳಲ್ಲಿ. ಇವರೆಲ್ಲ ಕಾಣಿಸದೆ ಸತ್ತವರು ಎಂದೇನೂ ಅಲ್ಲ. ವೇಗ, ಕುಡಿತ, ಹೆಲ್ಮೆಟ್ ಇಲ್ಲದ ತಲೆ – ಕಾರಣ ಹಲವು. ಆದರೆ 'ಕಾಣಲೇ ಇಲ್ಲ' ಎಂಬ ಮಾತನ್ನು ಎಷ್ಟು ಅಪಘಾತಗಳ ನಂತರ ಕೇಳಿಲ್ಲ ನಾವು?

ನಮ್ಮ ಪಕ್ಕದ ಊರಿನ ಕೃಷಿಕರೊಬ್ಬರಿಗೆ ಹಿಂದಿನಿಂದ ಪಿಕಪ್ ಬಡಿಯಿತು. ಜುಲೈ ತಿಂಗಳ ಬೆಳಗ್ಗೆ, ಜಡಿಮಳೆ. ಮೈಮೇಲೆ ಕಪ್ಪು ರೈನ್‌ಕೋಟು, ಹಿಂದೆ ಕಟ್ಟಿದ ಹಿಂಡಿಯ ಗೋಣಿ ಜಾರಿ ಕೆಂಪು ದೀಪವನ್ನು ಮುಚ್ಚಿತ್ತು. ಪಿಕಪ್ಪಿನವನು ಕುಡಿದಿರಲಿಲ್ಲ, ಓಡಿಯೂ ಹೋಗಲಿಲ್ಲ, ಅವನೇ ಆಸ್ಪತ್ರೆಗೆ ಸೇರಿಸಿದ. 'ಕಾಣಲೇ ಇಲ್ಲ ಅಣ್ಣ' ಅಂದದ್ದು ಸುಳ್ಳೆಂದು ನನಗನಿಸುವುದಿಲ್ಲ. ಜೀವ ಉಳಿಯಿತು, ಎಡಗಾಲು ಮಡಚುವುದಿಲ್ಲ. ಒಂದೂವರೆ ಎಕರೆ ತೋಟ. ಮದ್ದು ಬಿಡುವುದರಿಂದ ಹಿಡಿದು ಕೊಯ್ಲಿನವರೆಗೆ ಈಗ ಎಲ್ಲವೂ ಕೂಲಿಯವರ ಕೈಯಲ್ಲಿ. ಹಟ್ಟಿಯಲ್ಲಿದ್ದ ಮೂರು ದನಗಳಲ್ಲಿ ಎರಡನ್ನು ಮಾರಿದರು.

ಒಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಇದೆ ಎಂದು ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕು ಒತ್ತುವ ಮೊದಲೇ 25 ಮೀಟರ್ ಕಳೆಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೂ ಅಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಮಳೆಯಲ್ಲಿ, ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆ ಅಷ್ಟು ದೂರಕ್ಕೆ ಕಾಣುವುದುಂಟೇ?

'ಹೆಡ್‌ಲೈಟ್ ಹಗಲೂ ಉರಿಯುತ್ತದಲ್ಲ, ಮತ್ತೇನು?' ಅನ್ನುವವರಿದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳಿಗೆ ಹಾಗೆ ಮಾಡಿದ್ದು ಒಳ್ಳೆಯದೇ. ಆದರೆ ನಮ್ಮ ಅಂಗಳಗಳಲ್ಲಿ ಅದಕ್ಕಿಂತ ಹಳೆಯ ಬೈಕುಗಳು ಇನ್ನೂ ಬೇಕಾದಷ್ಟಿವೆ. ಇನ್ನೊಂದು, ಹೆಡ್‌ಲೈಟ್ ಎದುರಿನವನಿಗೆ. ಹಿಂದಿನಿಂದ ಬರುವವನಿಗೆ ಇರುವುದು ಆ ಸಣ್ಣ ಕೆಂಪು ದೀಪ ಮಾತ್ರ. ಅದಕ್ಕೆ ಕೆಸರು ಮೆತ್ತಿರುತ್ತದೆ, ರೈನ್‌ಕೋಟಿನ ಅಂಚು ತೂಗಿರುತ್ತದೆ, ಇಲ್ಲವೇ ಹುಲ್ಲಿನ ಕಟ್ಟ ಮುಚ್ಚಿರುತ್ತದೆ.

ಹೊಳೆಯುವ ಉಡುಪಿನಿಂದ ಲಾಭ ಇದೆಯೇ ಎಂದು ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ 1993-96ರ ಅಪಘಾತಗಳನ್ನು ಹಿಡಿದು ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನ. ಬೆಳಕು ಪ್ರತಿಫಲಿಸುವ ಅಥವಾ ಫ್ಲೋರೊಸೆಂಟ್ ಬಟ್ಟೆ ತೊಟ್ಟವರಿಗೆ ಅಪಘಾತದ ಗಾಯದ ಅಪಾಯ ಶೇ. 37ರಷ್ಟು ಕಡಿಮೆ. ಕಪ್ಪು ಹೆಲ್ಮೆಟಿಗೆ ಹೋಲಿಸಿದರೆ ಬಿಳಿ ಹೆಲ್ಮೆಟಿನವರಿಗೆ ಶೇ. 24 ಕಡಿಮೆ. ಅಂಗಿಯ ಎದುರಿನ ಬಣ್ಣ ಯಾವುದು ಎಂಬುದಕ್ಕೂ ಅಪಘಾತಕ್ಕೂ ಸಂಬಂಧ ಸಿಗಲಿಲ್ಲ. ಬರೇ ಹಳದಿ ಅಂಗಿ ಹಾಕಿಕೊಂಡರೆ ಸಾಲದು ಎಂದಾಯಿತು. ಅಲ್ಲಿನ ರಸ್ತೆ ಬೇರೆ, ಬೈಕು ಬೇರೆ. ಅದೇ ಅಂಕಿ ನಮ್ಮಲ್ಲೂ ಬರಬೇಕೆಂದಿಲ್ಲ. ಆದರೆ ಕಣ್ಣಿಗೆ ಬೀಳುವ ವಿಷಯದಲ್ಲಿ ಅವರ ಕಣ್ಣಿಗೂ ನಮ್ಮ ಕಣ್ಣಿಗೂ ದೊಡ್ಡ ವ್ಯತ್ಯಾಸವಿರಲಾರದು.

ಹೊಳೆಯುವುದರಲ್ಲಿ ಎರಡು ಬಗೆ. ಫ್ಲೋರೊಸೆಂಟ್ ಬಟ್ಟೆ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಕಾಣುವ ಬೆಳಕಾಗಿ ಮಾಡಿ ಕೊಡುತ್ತದೆ. ಮೋಡ ಮುಚ್ಚಿದ ಹಗಲಿಗೆ, ಮುಸ್ಸಂಜೆಗೆ ಅದು ಒಳ್ಳೆಯದು. ಕತ್ತಲಾದ ಮೇಲೆ ಅದಕ್ಕೆ ಬೆಲೆಯಿಲ್ಲ. ಆಗ ಕೆಲಸಕ್ಕೆ ಬರುವುದು ರಿಫ್ಲೆಕ್ಟರ್ ಪಟ್ಟಿ. ರಾತ್ರಿ ಹಟ್ಟಿಗೆ ಟಾರ್ಚು ಬಿಟ್ಟಾಗ ದನದ ಕಣ್ಣು ಹೊಳೆಯುವುದಿಲ್ಲವೇ, ಅದೇ ರೀತಿ ಬಂದ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಕೊಳ್ಳುವ ಮೊದಲು ಪರೀಕ್ಷೆ ಮಾಡಬಹುದು. ಕತ್ತಲೆ ಮೂಲೆಯಲ್ಲಿ ಪಟ್ಟಿ ಇಟ್ಟು, ಹತ್ತು ಹೆಜ್ಜೆ ಹಿಂದೆ ನಿಂತು ಟಾರ್ಚನ್ನು ಕಿವಿಯ ಪಕ್ಕ ಹಿಡಿದು ನೋಡಿ. ದೀಪದ ಹಾಗೆ ಉರಿಯಬೇಕು. ಬರೇ ಬೂದು ಬಣ್ಣ ಕಂಡರೆ ಅದು ಬೆಳ್ಳಿ ಬಣ್ಣದ ಪ್ಲಾಸ್ಟಿಕ್, ಬೇಡ.

ಬಣ್ಣದ ಬಗ್ಗೆ ನನ್ನದೊಂದು ತಕರಾರು. ಅಂಗಡಿಗಳಲ್ಲಿ ಹೆಚ್ಚು ನೇತಾಡುವುದು ಗಿಳಿಹಸಿರಿನ ಜಾಕೆಟ್. ಕಾಂಕ್ರೀಟು, ಡಾಂಬರಿನ ಪೇಟೆಗೆ ಅದು ಸರಿ. ಮಳೆಗಾಲದಲ್ಲಿ ನಮ್ಮದು ನೆಲದಿಂದ ಆಕಾಶದವರೆಗೆ ಹಸಿರು. ಆ ಹಸಿರಿನೆದುರು ಮತ್ತೊಂದು ಹಸಿರು ಎಷ್ಟು ಎದ್ದು ಕಾಣೀತು? ಅಮೆರಿಕದ ಹಲವು ರಾಜ್ಯಗಳಲ್ಲಿ ಕಾಡಿಗೆ ಬೇಟೆಗೆ ಹೋಗುವವರು ಉರಿಯುವ ಕಿತ್ತಳೆ ಬಣ್ಣ ತೊಡಬೇಕೆಂದು ಕಾನೂನೇ ಇದೆ, ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗದಿರಲೆಂದು. ನಮ್ಮ ಕಡೆಗೂ ಕಿತ್ತಳೆಯೇ ವಾಸಿ.

ರಸ್ತೆ ಕೆಲಸದವರು ಹಾಕುವ ಬಲೆಬಟ್ಟೆಯ ತೋಳಿಲ್ಲದ ಜಾಕೆಟ್ ಸಾಕು. ಒಂದು ಕಿಲೊ ಅಡಿಕೆಯ ದುಡ್ಡಿನಲ್ಲಿ ಅದು ಬಂದು ಚಿಲ್ಲರೆ ಉಳಿಯುತ್ತದೆ. ಸೆಕೆಯ ಭಯವೂ ಇಲ್ಲ, ಗಾಳಿಯಾಡುತ್ತದೆ. ರೈನ್‌ಕೋಟಿನ ಮೇಲಿಂದ ಹಾಕಬೇಕಾದ್ದರಿಂದ ದೊಡ್ಡ ಅಳತೆಯದ್ದೇ ತನ್ನಿ. ಪಟ್ಟಿಯನ್ನು ರೈನ್‌ಕೋಟಿಗೇ ಹೊಲಿಸಲು ಹೋಗಬೇಡಿ, ಸೂಜಿಯ ತೂತಿನಲ್ಲಿ ನೀರು ಇಳಿಯುತ್ತದೆ. ಬೆನ್ನಿಗೆ ಹೊರೆ ಅಡ್ಡ ಬಂದರೆ ಜಾಕೆಟ್ ಇದ್ದೂ ಇಲ್ಲದ ಹಾಗೆ. ಅದಕ್ಕೆ ಲಾರಿಗಳಿಗೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಟೇಪನ್ನು ಹಾಲಿನ ಕ್ಯಾನಿಗೆ, ಹಿಂದಿನ ಮಡ್‌ಗಾರ್ಡಿಗೆ, ಹೆಲ್ಮೆಟಿನ ಹಿಂಬದಿಗೆ ಒಂದೊಂದು ತುಂಡು ಹಾಕಿ. ಸ್ಕೂಟರಿನಲ್ಲಿ ಹಾಲು ಒಯ್ಯುವ ಹೆಂಗಸರು ಜಾಕೆಟ್ ಬೇಡವೆಂದರೂ ಹೆಲ್ಮೆಟಿಗೆ, ಕ್ಯಾನಿಗೆ ಟೇಪು ಬೇಡ ಅನ್ನಲಾರರು.

ಹಾಗಾದರೆ ಸರಕಾರ ಇದನ್ನು ಕಡ್ಡಾಯ ಮಾಡಬೇಕೇ? ನನ್ನ ಮಟ್ಟಿಗೆ ಬೇಡ. ಫ್ರಾನ್ಸಿನಲ್ಲಿ 2012ರಲ್ಲಿ ಹಾಗೊಂದು ಆದೇಶ ಬಂತು. ದೊಡ್ಡ ಬೈಕಿನವರ ಮೈಮೇಲೆ ಕನಿಷ್ಠ 150 ಚದರ ಸೆಂಟಿಮೀಟರ್ ಪ್ರತಿಫಲಿಸುವ ಬಟ್ಟೆ ಇರಬೇಕು ಎಂದು. ಸವಾರರು ಬೀದಿಗಿಳಿದು ವಿರೋಧಿಸಿದರು, ಆದೇಶ ವಾಪಸು ಹೋಯಿತು. 2016ರಿಂದ ಇರುವುದು ಸಾದಾ ನಿಯಮ: ಜಾಕೆಟ್ ಜೊತೆಗಿರಬೇಕು, ಗಾಡಿ ಕೆಟ್ಟು ದಾರಿ ಬದಿ ನಿಲ್ಲುವಾಗ ತೊಡಬೇಕು. ರಾತ್ರಿ ಪಂಕ್ಚರ್ ಆಗಿ ನಿಂತವರಿಗೆ ಇದರ ಬೆಲೆ ಗೊತ್ತು.

ನಮ್ಮಲ್ಲಿ ಕಡ್ಡಾಯವಾದರೆ ಏನಾದೀತೆಂದು ಊಹಿಸಲು ಹೆಲ್ಮೆಟಿನ ಕತೆಯೇ ಸಾಕು. ಪೊಲೀಸರಿಗೆ ತೋರಿಸಲಿಕ್ಕೆಂದೇ ಅರ್ಧ ಹೆಲ್ಮೆಟ್ ಬಂತು, ಹೊಳೆಯದ ಜಾಕೆಟೂ ಬರುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಪರಿಹಾರದ ಕೇಸುಗಳಲ್ಲಿ ಪೆಟ್ಟು ತಿಂದವನದ್ದೂ ತಪ್ಪಿದೆ ಎಂದಾದರೆ ದುಡ್ಡು ಕಡಿತವಾಗುತ್ತದೆ. ನಾಳೆ 'ಜಾಕೆಟ್ ಹಾಕಿರಲಿಲ್ಲ' ಎಂಬ ಒಂದು ಮಾತಿನಲ್ಲಿ ಅತಿವೇಗದ ಲಾರಿಯವನು ಪಾರಾಗಿ, ಕಾಲು ಕಳಕೊಂಡವನು ತಪ್ಪಿತಸ್ಥನಾಗಬಾರದು. 'ತಪ್ಪು ಅವನದ್ದು, ನಾನೇಕೆ ವೇಷ ಹಾಕಬೇಕು?' ಎಂದು ಕೇಳುವವರ ಮಾತಿನಲ್ಲಿ ಅಷ್ಟು ನ್ಯಾಯ ಇದೆ. ಆದರೆ ನ್ಯಾಯ ನಮ್ಮ ಕಡೆ ಇದ್ದ ಮಾತ್ರಕ್ಕೆ ಮುರಿದ ಮೂಳೆ ಕೂಡಿಕೊಳ್ಳುವುದಿಲ್ಲವಲ್ಲ! ಹಿಂದೆ ರಾತ್ರಿ ನಡೆಯುವಾಗ ಹಿರಿಯರು ಸೂಟೆ ಬೀಸಿಕೊಂಡು ಹೋಗುತ್ತಿದ್ದರು. ಹಾವು ಕಾಣಲಿ ಎಂದು ಮಾತ್ರವೇ? ಯಾರೋ ಬರುತ್ತಿದ್ದಾರೆಂದು ದೂರದಿಂದಲೇ ಬೇರೆಯವರಿಗೂ ಗೊತ್ತಾಗುತ್ತಿತ್ತು.

ಸರಕಾರಕ್ಕಿಂತ ಮೊದಲು ಹಾಲಿನ ಸೊಸೈಟಿಗಳು ಈ ಕೆಲಸ ಮಾಡಬಹುದು. ಮಳೆಗಾಲದ ಮೊದಲು ಸಗಟಿನಲ್ಲಿ ಜಾಕೆಟ್ ತರಿಸಿ, ಬೇಕಾದವರಿಗೆ ಕೊಟ್ಟು ಹಾಲಿನ ದುಡ್ಡಿನಲ್ಲಿ ಹಿಡಿದುಕೊಂಡರಾಯಿತು. ಪಶು ಆಹಾರದ ಹಣವನ್ನು ಹಾಗೆ ಹಿಡಿಯುವ ಕ್ರಮ ಇದೆಯಲ್ಲ. ಕ್ಯಾನಿನ ಟೇಪನ್ನಂತೂ ಸೊಸೈಟಿಯಲ್ಲೇ ಅಂಟಿಸಿ ಕೊಡಬಹುದು. ಅಂಟಿಸುವ ಜಾಗ ಜಿಡ್ಡಿಲ್ಲದೆ ಒಣಗಿರಬೇಕು, ಇಲ್ಲದಿದ್ದರೆ ವಾರದೊಳಗೆ ಎದ್ದು ಬರುತ್ತದೆ. ಕೆಸರು ಮೆತ್ತಿದ ಟೇಪು ಹೊಳೆಯುವುದಿಲ್ಲ. ದಿನಾ ಕ್ಯಾನ್ ತೊಳೆಯುವಾಗ ಅದಕ್ಕೂ ಒಂದು ಕೈ ನೀರು ಹಾಕಿ ಉಜ್ಜಿದರೆ ಸಾಕು.