ಪ್ರಶ್ನೆಯ ರೂಪ, ಮನದ ಭಾವ

ಪ್ರಶ್ನಿಸುವ ರೀತಿ ಭಾಷೆ ಭಾಷೆಗೆ ಬೇರೆ. ಫ್ರೆಂಚ್ ಭಾಷೆಯಲ್ಲಿ 'ನೀವು ಬರುವಿರಾ?' ಎಂಬುದಕ್ಕೆ ಮೂರು ರೂಪಗಳುಂಟು. ಹೇಳಿಕೆಯ ವಾಕ್ಯವನ್ನೇ ಸ್ವರವೇರಿಸಿ 'ವು ವನೆ?' ಎನ್ನುವುದು ಸಲಿಗೆಯ ಮಾತು. ಅದರ ಮೊದಲಿಗೆ 'ಎಸ್ ಕ' ಎಂದು ಸೇರಿಸುವುದು ಸಾಮಾನ್ಯ ಬಳಕೆ. ಕ್ರಿಯಾಪದವನ್ನು ಮೊದಲಿಗೆ ತಂದು 'ವನೆ ವು?' ಎನ್ನುವುದು ಗಂಭೀರ ಶೈಲಿ.

ಕನ್ನಡದಲ್ಲಾದರೋ ಪ್ರಶ್ನೆಯ ಭಾರವನ್ನು ಹೊರುವುದು ಪದದ ಕೊನೆ. ಆ, ಏ, ಓ ಎಂಬ ಪ್ರತ್ಯಯಗಳು ಸಂದೇಹವಿರುವಲ್ಲಿಗೇ ಬಂದು ಸೇರುತ್ತವೆ. 'ಅಣ್ಣನವರು ನಾಳೆ ಬರುವರೇ?' ಎಂದರೆ ಬರುವಿಕೆಯೇ ಸಂದೇಹ; 'ಅಣ್ಣನವರು ಬರುವುದು ನಾಳೆಯೇ?' ಎಂದರೆ ದಿನದ ಸಂದೇಹ. 'ನಾಳೆ ಬರುವವರು ಅಣ್ಣನವರೇ?' ಎಂದರೆ ವ್ಯಕ್ತಿಯ ಸಂದೇಹ. ಜಿಡಗಾ, ಆಳಂದ ಸೀಮೆಯ ಆಡುಮಾತಿನಲ್ಲಿ 'ಏನು' ಎಂಬುದು ಕ್ರಿಯಾಪದದ ಬೆನ್ನು ಹತ್ತುತ್ತದೆ. ಕಿರಿಯರಿಗೆ 'ಬರ್ತೀಯೇನು?', ಹಿರಿಯರಿಗೆ 'ಬರ್ತೀರೇನ್ರಿ?' ಕೊನೆಯ ಆ 'ರಿ'ಯಲ್ಲಿ ಗೌರವ ನೆಲೆಸಿದೆ.

ಗೃಹಸ್ಥ ಬಂಧುಗಳು ಇನ್ನೊಂದನ್ನು ಗಮನಿಸಬೇಕು. 'ಅಡಗಿ ಆಯ್ತೇನವ್ವಾ?' ಎಂದು ಅತ್ತೆ ಕೇಳಿದರೆ ಸೊಸೆಗೆ ಅದು ಅಕ್ಕರೆಯ ಮಾತು, 'ಇನ್ನೂ ಆಗಿಲ್ಲೇನು?' ಎಂದರೆ ಆರೋಪ. ತಿಳಿಯಬೇಕಾದ ವಿಷಯ ಒಂದೇ. ನಡುವೆ ಒಂದು 'ಇಲ್ಲ' ಸೇರಿದ್ದರಿಂದ ಮನಸ್ಸು ಮುದುಡಿತು. ವ್ಯಾಕರಣವನ್ನು ಮಕ್ಕಳು ಶಾಲೆಯಲ್ಲಿ ಕಲಿತಾರು. ಪ್ರಶ್ನಿಸುವ ನಯವನ್ನು ಹಿರಿಯರ ಮಾತು ಕೇಳಿಯೇ ಕಲಿಯಬೇಕು.