ಹಗಲನ್ನು ಹೊರಗಿಟ್ಟ ಮನೆಗಳು

ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಹುಬ್ಬಳ್ಳಿ-ಧಾರವಾಡದ ಯಾವುದಾದರೊಂದು ಇಕ್ಕಟ್ಟಾದ ಓಣಿಯನ್ನು ಹೊಕ್ಕು ನೋಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮೂರು ಕಡೆ ನೆರೆಮನೆಯ ಗೋಡೆ, ಮೇಲೆ ಪತ್ರಾಸಿನ ಚಾವಣಿಯಿರುವ ಒಂದೇ ಕೋಣೆಯ ಮನೆಯೊಳಗೆ ಕತ್ತಲೆ. ಕರೆಂಟು ಹೋದರೆ ತಾಯಿ ಹೊಸ್ತಿಲಿಗೆ ಬಂದು ಅಕ್ಕಿಯ ಕಲ್ಲು ಆರಿಸುತ್ತಾಳೆ. ಮಗು ಪುಸ್ತಕ ಮುಚ್ಚಿಡುತ್ತದೆ. ಇದನ್ನು ಬಡತನವೆಂದು ಕರೆದು ನಾವು ಸುಮ್ಮನಾಗಿದ್ದೇವೆ. ನಾನು ಇದನ್ನು ಅಲಕ್ಷ್ಯವೆನ್ನುತ್ತೇನೆ. ಏಕೆಂದರೆ ಸೂರ್ಯನ ಬೆಳಕಿಗೆ ಬಿಲ್ಲು ಬರುವುದಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಈ ಸೀಮೆಯ ಮಣ್ಣಿನ ಮಾಳಿಗೆಗಳಿಗೆ ಕಿಟಕಿ ಕಡಿಮೆ. ಆದರೆ ಜಂತಿಗಳ ನಡುವೆ ಬೆಳಕಿಂಡಿ ಇರುತ್ತಿತ್ತು. ಅದರಿಂದ ಹೊಗೆ ಹೊರಹೋಗುತ್ತಿತ್ತು, ಹಗಲು ಒಳಬರುತ್ತಿತ್ತು. ಮಣ್ಣು ಹೋಗಿ ಪತ್ರಾಸು ಬಂದಾಗ ಬೆಳಕಿಂಡಿಯನ್ನು ಕೇಳುವವರೇ ಇಲ್ಲವಾದರು.

2002ರಲ್ಲಿ ಬ್ರೆಜಿಲ್ ದೇಶದ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ ಅದೇ ಬೆಳಕಿಂಡಿಯನ್ನು ಬೇರೆ ರೂಪದಲ್ಲಿ ಕಂಡುಕೊಂಡ. 2 ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಶುದ್ಧ ನೀರು, ಪಾಚಿ ಕಟ್ಟದಂತೆ ತುಸು ಬ್ಲೀಚ್. ಕುತ್ತಿಗೆಯ ಭಾಗ ಚಾವಣಿಯ ಮೇಲೆ, ಉಳಿದದ್ದು ಕೋಣೆಯೊಳಗೆ. ನೀರು ಬಿಸಿಲನ್ನು ಬಾಗಿಸಿ ಎಲ್ಲ ದಿಕ್ಕಿಗೂ ಹರಡುತ್ತದೆ. ಬಿಸಿಲು ಚೆನ್ನಾಗಿದ್ದರೆ ಸುಮಾರು 40ರಿಂದ 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕು. 2011ರಿಂದ ಫಿಲಿಪ್ಪೀನ್ಸ್‌ನಲ್ಲಿ ಇದೊಂದು ಜನಾಂದೋಲನವೇ ಆಯಿತು.

‘ರಾತ್ರಿ ಇದರಿಂದೇನು ಪ್ರಯೋಜನ? ಮಳೆಗೆ ಸೋರದೇ?’ ಎಂದು ನೀವು ಕೇಳಬಹುದು. ರಾತ್ರಿಗೆ ಇದು ಆಗದು, ನಿಜ. ಗಾಳಿಯನ್ನೂ ಇದು ತಾರದು. ಸರಿಯಾಗಿ ಸೀಲು ಮಾಡದಿದ್ದರೆ ಸೋರುವುದೂ ನಿಜ. ಕಲ್ನಾರಿನ ಶೀಟನ್ನಂತೂ ಕೊರೆಯಲೇಬಾರದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಅಂಥಲ್ಲಿ ಮನೆ ಕಟ್ಟುವಾಗಲೇ ಬೆಳಕು ಹಾಯುವ ಒಂದು ಫೈಬರ್ ಶೀಟನ್ನು ಸೇರಿಸಿದರಾಯಿತು. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಓದಲು 300 ಲಕ್ಸ್ ಸಾಕು. ಕಿರಿದಾದ ಕಿಂಡಿಯೇ ಧಾರಾಳ.

‘ಸರ್ಕಾರ ಕರೆಂಟು ಕೊಡುತ್ತಿದೆಯಲ್ಲ’ ಎನ್ನುವವರೂ ಇದ್ದಾರೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತಿನ ಯೋಜನೆ, ಅದನ್ನು ಹಳಿಯಲಾರೆ. ಆದರೆ ಮೀಟರೇ ಇಲ್ಲದೆ ಪಕ್ಕದ ಮನೆಯಿಂದ ತಂತಿ ಎಳೆದುಕೊಂಡವನಿಗೆ ಅದು ಎಲ್ಲಿ ದಕ್ಕೀತು? ಹಕ್ಕುಪತ್ರವಿಲ್ಲದವನು, ಬಾಡಿಗೆಯವನು ತನ್ನ ತಲೆಯ ಮೇಲಿನ ಚಾವಣಿಯನ್ನು ಮುಟ್ಟಲೂ ಅಂಜುತ್ತಾನೆ. ಕತ್ತಲೆಯ ಬೇರು ಇರುವುದು ಈ ಅಂಜಿಕೆಯಲ್ಲಿ.

ಕೊನೆಗೆ ನಮ್ಮನ್ನೇ ಕೇಳಿಕೊಳ್ಳೋಣ. ದೇವಾಲಯಕ್ಕೆ ಬಣ್ಣದ ಗಾಜು ಯಾವ ದಿಕ್ಕಿಗಿರಬೇಕೆಂದು ಸಭೆಯ ಮೇಲೆ ಸಭೆ ನಡೆಸುವ ನಾವು, ಬಡವರಿಗೆ ಮನೆ ಕಟ್ಟಿಸಿಕೊಡುವಾಗ ಹಗಲು ಯಾವ ದಿಕ್ಕಿನಿಂದ ಬರುತ್ತದೆಂದು ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ಇನ್ನು ಮುಂದೆ ನಮ್ಮ ನೆರವಿನಿಂದ ಏಳುವ ಯಾವ ಚಾವಣಿಯೂ ಬೆಳಕಿಂಡಿಯಿಲ್ಲದೆ ಏಳದಿರಲಿ. ನಿಮ್ಮ ಓಣಿಯ ಮನೆಮಾಲೀಕರಿಗೂ ಈ ಮಾತನ್ನು ಹೇಳಿ. ಮೇ ಕಳೆದರೆ ಮಳೆಗಾಲ. ಅಷ್ಟರೊಳಗೆ ಒಂದು ಮನೆಗಾದರೂ ಹಗಲು ಇಳಿಯಲಿ.