ಒಳಾಂಗಣ ವಿನ್ಯಾಸಕಾರರಿಗೆ ಪಾಠ ಹೇಳುವವರು ಯಾರು?

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಹಾದಿಯಲ್ಲಿ ಈಚೆಗೆ 'ಇಂಟೀರಿಯರ್ಸ್' ಎಂಬ ಫಲಕಗಳು ಹೆಚ್ಚುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಆಚಾರಿಗಳು ಹಲಸು, ತೇಗಗಳನ್ನು ಹದಗೊಳಿಸುತ್ತಿದ್ದ ಎಡೆಯಲ್ಲಿ ಈಗ ಪ್ಲೈವುಡ್ ಕೊಯ್ಯುವ ಯಂತ್ರಗಳ ಸದ್ದು. ಈ ಕೆಲಸದಲ್ಲಿ ತೊಡಗಿರುವವರಲ್ಲಿ ಹಲವರು ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರು. ನಾವೇ ಪಾಠ ಹೇಳಿದ ಹುಡುಗರೂ ಅವರಲ್ಲಿದ್ದಾರೆ. ಕೆಲವರು ತಂದೆಯ ಕೈಕೆಳಗೆ ಉಳಿ, ಕೊಡತಿ ಹಿಡಿದು ಕಲಿತರು. ಕೆಲವರು ಗಲ್ಫಿನಲ್ಲಿ ಆರೇಳು ವರ್ಷ ದುಡಿದು ಕಲಿತು ಬಂದರು. ಶಾಸ್ತ್ರೋಕ್ತವಾಗಿ ಓದಿ ಈ ವೃತ್ತಿಗಿಳಿದವರು ವಿರಳ.

ಇಂಥ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ತಾನು ಒಳಗೆಲಸ ಮಾಡಿದ ಮನೆಯೊಂದನ್ನು ನೋಡಲು ನಮ್ಮನ್ನು ಕರೆದೊಯ್ದ. ಕೆಲಸ ಅಚ್ಚುಕಟ್ಟಾಗಿತ್ತು. ಕಪಾಟುಗಳ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ಆ ಮನೆಯಲ್ಲಿ ನಡೆಯಲಾರದ ಮಗಳೊಬ್ಬಳಿದ್ದಾಳೆ. ಗಾಲಿಕುರ್ಚಿಯೇ ಅವಳ ಆಧಾರ. ಹೊಸ ಸ್ನಾನದ ಕೋಣೆಯ ಬಾಗಿಲು ಎರಡೂಕಾಲು ಅಡಿ. ಗಾಲಿಕುರ್ಚಿ ಅದರೊಳಗೆ ಹೋಗುವುದಿಲ್ಲ. ಮೊದಲಿನಂತೆಯೇ ತಾಯಿ ಅವಳನ್ನು ಎತ್ತಿಕೊಂಡು ಹೋಗಬೇಕಾಗಿದೆ, ಮತ್ತು ಆ ತಾಯಿಗೂ ಈಗ ಪ್ರಾಯವಾಗಿದೆ. "ಇದೇಕೆ ಹೀಗೆ?" ಎಂದು ನಾವು ಕೇಳಿದಾಗ ಆತ ತಲೆ ತಗ್ಗಿಸಿದ. "ಮಾಷ್ಟ್ರೇ, ಎಲ್ಲ ಮನೆಗೂ ಇಷ್ಟೇ ಇಡುವುದು. ಬೇರೆ ಅಳತೆ ಉಂಟೆಂದು ನನಗೆ ಯಾರೂ ಹೇಳಿಕೊಡಲಿಲ್ಲ" ಎಂದ.

ಅಳತೆ ಉಂಟು. ಕೇಂದ್ರ ಸರಕಾರದ ವಸತಿ ಮತ್ತು ನಗರ ವ್ಯವಹಾರಗಳ ಮಂತ್ರಾಲಯವು 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಾಗಿಲಿಗೆ 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ಅಡಿ ತೆರಪು ಬೇಕೆಂದೂ, ಗಾಲಿಕುರ್ಚಿ ಸುತ್ತು ತಿರುಗಲು 1500 ಮಿಲಿಮೀಟರ್, ಅಂದರೆ ಸುಮಾರು ಐದು ಅಡಿ ಜಾಗ ಬೇಕೆಂದೂ ಹೇಳಿದೆ. ಇವು ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳಿಗಾಗಿ ಮಾಡಿದ ನಿಯಮಗಳೆಂಬುದು ನಿಜ. ಆದರೆ ಗಾಲಿಕುರ್ಚಿಯು ಮನೆಗೆ ಬಂದೊಡನೆ ಅಗಲದಲ್ಲಿ ಕಿರಿದಾಗುವುದಿಲ್ಲವಷ್ಟೆ. ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಗೇರುತೋಪುಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆಜ್ಞಾಪಿಸಿತು. ಬಾಗಿಲಿನ ಈ ಅಳತೆ ದೇಶದ ಯಾವ ಜಿಲ್ಲೆಯ ಕೆಲಸಗಾರನಿಗೆ ತಿಳಿಯದಿದ್ದರೂ ಕಾಸರಗೋಡಿನವನಿಗೆ ತಿಳಿದಿರಬೇಕಾಗಿತ್ತು.

ತಿಳಿಸಬೇಕಾದವರು ಯಾರು? ಇಲ್ಲಿಯೇ ಸಮಸ್ಯೆಯ ಗಂಟು ಇರುವುದು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ 'ಆರ್ಕಿಟೆಕ್ಟ್' ಎಂಬ ಹೆಸರನ್ನು ನೋಂದಣಿಯಿಲ್ಲದವರು ಬಳಸುವಂತಿಲ್ಲ. ಆ ಕಾಯಿದೆ ಕಾಯುವುದು ಹೆಸರನ್ನೇ ಹೊರತು ಕೆಲಸವನ್ನಲ್ಲ ಎಂದು 2020ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಳಾಂಗಣ ವಿನ್ಯಾಸಕಾರರಿಗಾದರೋ ಅಂಥ ಕಾಯಿದೆಯೇ ಇಲ್ಲ. ಯಾರು ಬೇಕಾದರೂ ಫಲಕ ತೂಗಹಾಕಬಹುದು. ಇದರಿಂದ ನಮ್ಮ ಬಡ ಹುಡುಗರಿಗೆ ಅನ್ನದ ದಾರಿಯಾಯಿತೆಂಬುದನ್ನು ನಾವು ಮರೆಯುವುದಿಲ್ಲ. ನೋಂದಣಿಯ ಗೋಡೆ ಎದ್ದಿದ್ದರೆ ಇವರಲ್ಲಿ ಹೆಚ್ಚಿನವರು ಹೊರಗೇ ಉಳಿಯುತ್ತಿದ್ದರು. ಆದರೆ ನೋಂದಣಿ ಇಲ್ಲದಲ್ಲಿ ಪಾಠವೂ ಇಲ್ಲದಾಯಿತು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೋಂದಾಯಿತ ಒಳಾಂಗಣ ವಿನ್ಯಾಸಕಾರರು ವರ್ಷಕ್ಕೆ 12 ಗಂಟೆ ಕಲಿಯಲೇಬೇಕು. ಅದರಲ್ಲಿ ಒಂದು ಗಂಟೆಯಾದರೂ ಅಂಗವಿಕಲರಿಗೆ ಅಡಚಣೆಯಾಗದ ವಿನ್ಯಾಸದ ಬಗ್ಗೆ ಇರಬೇಕು. ನಮ್ಮ ದೇಶದಲ್ಲಿ ಅದೇ 1972ರಲ್ಲಿ ಹುಟ್ಟಿದ ಒಳಾಂಗಣ ವಿನ್ಯಾಸಕಾರರ ಅಖಿಲ ಭಾರತ ಸಂಸ್ಥೆಯಿದೆ. ಅದು ಭಾಷಣ, ಪ್ರದರ್ಶನಗಳನ್ನು ಏರ್ಪಡಿಸುತ್ತದೆ. ಆದರೆ ಸದಸ್ಯತ್ವ ಯಾರಿಗೂ ಕಡ್ಡಾಯವಲ್ಲ, ಬದಿಯಡ್ಕದ ಹುಡುಗನಿಗೆ ಅದರ ಹೆಸರೂ ಗೊತ್ತಿಲ್ಲ.

ಸರಕಾರ ಏನೂ ಮಾಡಿಲ್ಲವೆಂದು ಹೇಳುವಂತಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯ ಕಸುಬೂ ಸೇರಿದೆ. ಐದರಿಂದ ಏಳು ದಿನಗಳ ಪ್ರಾರಂಭಿಕ ತರಬೇತಿ, ಬೇಕಾದವರಿಗೆ 15 ದಿನಗಳ ಮುಂದಿನ ತರಬೇತಿ, ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಹತಾರುಗಳಿಗೆ 15,000 ರೂಪಾಯಿ. ದಿನಗೂಲಿ ಕಳೆದುಕೊಂಡು ಕಲಿಯಲಾರದವನಿಗೆ ಭತ್ಯೆ ಕೊಡುವುದು ಒಳ್ಳೆಯ ವಿಚಾರವೇ, 500 ರೂಪಾಯಿ ನಮ್ಮ ಜಿಲ್ಲೆಯ ಕೂಲಿಗೆ ಸಮನಲ್ಲದಿದ್ದರೂ. ಆದರೆ ಇದು ಕೈಕಸುಬಿನ ಸಾಂಪ್ರದಾಯಿಕ ಬಡಗಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ. ನಕ್ಷೆ ಬರೆದು, ವಯರಿಂಗಿನವನನ್ನೂ ಟೈಲ್ಸಿನವನನ್ನೂ ಕೂಡಿಸಿಕೊಂಡು, ಇಡೀ ಮನೆಯ ಒಳಗನ್ನು ಗುತ್ತಿಗೆ ಹಿಡಿಯುವವನು ಬಡಗಿಯೂ ಅಲ್ಲ, ಇಂಜಿನಿಯರನೂ ಅಲ್ಲ, ನಡುವೆ ಸಿಕ್ಕಿಕೊಂಡವನು.

ಇನ್ನು ಭಾಷೆಯ ಮಾತು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಕೊಡಬೇಕೆನ್ನುತ್ತದೆ, ಆದರೆ ಪ್ರಾಥಮಿಕ ಹಂತದಲ್ಲಿ ಮಾತ್ರ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ನಮಗೆ ಕೊಟ್ಟಿದೆ. ಒಂದು ಮಗುವಿಗೆ, ಇನ್ನೊಂದು ಅರ್ಜಿದಾರನಿಗೆ. ಮೂವತ್ತು ವರ್ಷ ಪ್ರಾಯದ ಕೆಲಸಗಾರ ತನ್ನ ಕಸುಬನ್ನು ಮತ್ತೆ ಕಲಿಯಹೊರಟರೆ ಅವನು ಈ ಎರಡರ ಆಸರೆಗೂ ಬರುವುದಿಲ್ಲ. ನಾವು ಇಷ್ಟು ವರ್ಷ ಶಾಲೆಗಾಗಿ, ಅಧ್ಯಾಪಕರ ನೇಮಕಕ್ಕಾಗಿ, ಪಠ್ಯಪುಸ್ತಕಕ್ಕಾಗಿ ಹೋರಾಡಿದೆವು. ಶಾಲೆ ಬಿಟ್ಟವನ ಪಾಠಕ್ಕಾಗಿ ಒಂದು ಮನವಿಯನ್ನಾದರೂ ಬರೆದದ್ದು ನಮಗೆ ನೆನಪಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಮಲಯಾಳದ ಗಂಧವೇ ಇಲ್ಲದವರು ನಮ್ಮ ಹುಡುಗರಲ್ಲ. ಪೇಟೆಯಲ್ಲಿ ಸರಾಗವಾಗಿ ಮಾತನಾಡುತ್ತಾರೆ. ಮಾತನಾಡುವುದು ಬೇರೆ, ಅಚ್ಚಾದ ತಾಂತ್ರಿಕ ಪುಟವನ್ನು ಓದಿ ಅರ್ಥಮಾಡಿಕೊಳ್ಳುವುದು ಬೇರೆ. ಇದನ್ನು ನಾವು ಸ್ವಾನುಭವದಿಂದ ಹೇಳುತ್ತೇವೆ. ಬೇಸಗೆ ರಜೆಯ ಅಧ್ಯಾಪಕ ತರಬೇತಿಯೊಂದರಲ್ಲಿ ನಮ್ಮ ಕೈಗೆ ಮಲಯಾಳದ ಕೈಪಿಡಿ ಬಂದಿತ್ತು. ಟಿ.ಸಿ.ಎಚ್. ಮಾಡಿ ಎರಡು ದಶಕ ಪಾಠ ಹೇಳಿದ ನಾವು ಪಕ್ಕದಲ್ಲಿ ಕುಳಿತ ಗೆಳೆಯರಲ್ಲಿ ಸಾಲು ಸಾಲಿಗೆ ಅರ್ಥ ಕೇಳುತ್ತ ಐದು ದಿನ ಕಳೆದೆವು. ಮೂರನೆಯ ದಿನದಿಂದ ಕೇಳುವುದಕ್ಕೂ ನಾಚಿಕೆಯಾಯಿತು.

ಕಲಿಯಬೇಕಾದದ್ದೇನೂ ಸಾಗರದಷ್ಟಿಲ್ಲ. ಪ್ಲೈವುಡ್ಡಿನದನ್ನೇ ನೋಡೋಣ. ಹಲಗೆಯ ಮೇಲೆ ಐ.ಎಸ್. 303 ಎಂದಿದ್ದರೆ ಅದು ಸಾಮಾನ್ಯ ಬಳಕೆಯದು, ಅದರಲ್ಲಿಯೂ ಎಂ.ಆರ್. ಎಂದರೆ ಗಾಳಿಯ ತೇವ ತಾಳುವುದು, ಬಿ.ಡಬ್ಲ್ಯು.ಆರ್. ಎಂದರೆ ಅದಕ್ಕಿಂತ ಹೆಚ್ಚು ನೀರು ತಾಳುವುದು. ಐ.ಎಸ್. 710 ಎಂದರೆ ಮೆರೀನ್ ಪ್ಲೈವುಡ್. ಆರು ತಿಂಗಳು ಗೋಡೆ ಬೆವರುವ ನಮ್ಮ ಕರಾವಳಿಯಲ್ಲಿ ಅಡಿಗೆಮನೆಯ ತೊಟ್ಟಿಯ ಕೆಳಗೆ ಎಂ.ಆರ್. ಹಲಗೆ ಹಾಕಿದರೆ ಅದು ಉಬ್ಬಿ ಪದರ ಬಿಡದೆ ಇರದು. ಗಲ್ಫಿನಿಂದ ಕಳುಹಿಸಿದ ಹಣ ಹೀಗೆ ನೀರಿನಲ್ಲಿ ಹೋಗುತ್ತಿದೆ. ಮೊಹರು ನೋಡುವ ಪಾಠ ಮನೆ ಕಟ್ಟಿಸುವವರಿಗೂ ಬೇಕು. ಸೀಲಿಂಗಿನ ಒಳಗೆ ಎಳೆದ ತಂತಿಗಳ ವಿಚಾರದಲ್ಲಿ ಬೆಂಕಿಯ ಅಪಾಯವೂ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಗ್ನಿಸುರಕ್ಷತೆಗಾಗಿ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಇವಿಷ್ಟನ್ನೂ ಚಿತ್ರಸಹಿತ ಮೂವತ್ತು ಪುಟಗಳ ಕನ್ನಡ ಪುಸ್ತಿಕೆಯಲ್ಲಿ ಹೇಳಬಹುದು. ಜಿಲ್ಲೆಯ ಐ.ಟಿ.ಐ.ಗಳ ಕೋಣೆಗಳು ಭಾನುವಾರ ಖಾಲಿಯಿರುತ್ತವೆ. ಕನ್ನಡ ಬಲ್ಲ ಇಂಜಿನಿಯರುಗಳು, ನಿವೃತ್ತ ಅಧ್ಯಾಪಕರು ನಮ್ಮಲ್ಲಿ ಇಲ್ಲವೆ?

ಹಣದ ಮೂಲವನ್ನೂ ಹೇಳಬೇಕು. 1996ರಲ್ಲಿ ಕೇರಳದಲ್ಲಿ ಆರಂಭವಾದ ಜನಕೀಯ ಯೋಜನೆಯಿಂದಾಗಿ ಪಂಚಾಯತುಗಳೇ ತಮ್ಮ ಯೋಜನೆಗಳನ್ನು ತಯಾರಿಸುತ್ತವೆ, ಗ್ರಾಮಸಭೆಯಲ್ಲಿ ಯಾರೂ ಸಲಹೆ ಕೊಡಬಹುದು. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಕಾರಡ್ಕ ಪಂಚಾಯತುಗಳು ಕೂಡಿ ವರ್ಷಕ್ಕೊಂದು ಹತ್ತು ದಿನದ ಕನ್ನಡ ಶಿಬಿರ ಏರ್ಪಡಿಸಲು ತಿರುವನಂತಪುರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ನಮ್ಮ ಗ್ರಾಮಸಭೆಗಳಲ್ಲಿ ಬೀದಿದೀಪಕ್ಕೂ ಮೋರಿಗೂ ಕೈಯೆತ್ತುವವರು ಇದನ್ನು ಕೇಳುವುದಿಲ್ಲ. ಕೇಳದೆ ಯಾರೂ ಕೊಡುವುದೂ ಇಲ್ಲ.

ಆ ಹಳೆಯ ವಿದ್ಯಾರ್ಥಿ ದೀಪಾವಳಿಯ ಮೊದಲು ತನ್ನ ಕೈಯಿಂದಲೇ ಖರ್ಚು ಹಾಕಿ ಗೋಡೆ ಒಡೆದು ಬಾಗಿಲನ್ನು ಮೂರಡಿ ಮಾಡಿಕೊಟ್ಟ. ಮೂರು ದಿನದ ಕೆಲಸ. ಒಳಗೆ ಕುರ್ಚಿ ತಿರುಗಲು ಐದಡಿ ಜಾಗ ಮಾತ್ರ ಒದಗಲಿಲ್ಲ. ಅದಕ್ಕೆ ಪಕ್ಕದ ಕೋಣೆಯನ್ನೇ ಕೆಡವಬೇಕಾಗಿತ್ತು. ಹುಡುಗಿ ಒಳಗೆ ಮುಂದಕ್ಕೆ ಹೋಗುತ್ತಾಳೆ, ಹಿಂದಕ್ಕೆ ಬರುವಾಗ ತಾಯಿ ಎಳೆದುಕೊಳ್ಳುತ್ತಾರೆ.